ಇಳಿಯದ ನೊರೆ

ಮಾರ್ಚ್ 3
ಪುಟ್ಟಿ ಇವತ್ತೂ ಅರ್ಧ ಬಾಟಲಿ ಹಾಲು ಬಿಟ್ಟಳು. ಬಾಯಿಗಿಟ್ಟರೆ ಮುಖ ಕಿವುಚುತ್ತಾಳೆ. ಹಲ್ಲು ಬರ್ತಿರಬೇಕು ಅಂದರು ಅತ್ತೆ. ಇರಬಹುದು. ರಾತ್ರಿಯೆಲ್ಲ ರಚ್ಚೆ. ಕಣ್ಣಿಗೆ ಕಣ್ಣು ಹತ್ತಿ ಎಷ್ಟು ದಿನವಾಯ್ತೋ.
ಹೊರಗೆ ನಮ್ಮ ಕಾರ್ ವಾಶ್ ಜೋರು. ಪೈಪಿಗೆ ಸಿಕ್ಕಿಸೋ ಹೊಸ ಮಿಕ್ಸರ್ ಬಂದಮೇಲೆ ಶಾಂಪೂ ಕೈಯಲ್ಲಿ ಕಲಸೋ ಗೋಳಿಲ್ಲ — ಪೈಪಿನ ನೀರೇ ಕ್ಯಾನಿನಿಂದ ಶಾಂಪೂ ಹೀರಿಕೊಳ್ಳುತ್ತೆ. ಆರಿಸಿದ್ದು ನಾನೇ. ಮನೆಗೂ ವಾಶಿಗೂ ಒಂದೇ ಪೈಪು. ನೀರು ಹಿಂದಕ್ಕೆ ಬರದ ಹಾಗೆ ತಡೆಯೋ ವಾಲ್ವ್ ಇರೋದೇ ಬೇಕು ಅಂತ ಹಟ ಹಿಡಿದಿದ್ದೆ. ಅಷ್ಟು ಕೆಮಿಸ್ಟ್ರಿ ಓದಿದ್ದು ಕಾರು ತೊಳೆಯೋಕಾ ಅಂತ ಅತ್ತೆ ನಕ್ಕಿದ್ದರು.

ಮಾರ್ಚ್ 4
ನೊರೆ ತೆಳು ಅಂತ ಗಿರಾಕಿಗಳು ಗೊಣಗ್ತಿದ್ದರಂತೆ. ಹೋದ ವಾರವೇ ಸರಿಮಾಡಿದೆ ಅಂದರು ಇವರು. ಹೇಗೆ ಅಂದೆ. ಎಲ್ಲಾ ಮೇಡಮ್ಮಿಗೇ ಗೊತ್ತಿರಬೇಕಾ ಅಂತ ನಕ್ಕು ಹೋದರು.
ಬಾಟಲಿ ಅಲ್ಲಾಡಿಸಿದರೆ ನೊರೆ ಇಳಿಯೋದೇ ಇಲ್ಲ... ನೀರು ಕುದಿಸಿಯೇ ಕಲಸೋದು. ಹಾಲಿನ ಪುಡಿಯೇ ಹಳೇದೇನೋ.

ಮಾರ್ಚ್ 6, ಮಧ್ಯಾಹ್ನ
ಆಂಬ್ಯುಲೆನ್ಸ್ ಬರ್ತಿದೆ.
ಕರೆಂಟ್ ಹೋಗಿ, ಪೈಪಿಗೆ ನೀರು ತಳ್ಳೋ ಪಂಪ್ ನಿಂತಿತ್ತು. ಅಡುಗೆಮನೆ ನಲ್ಲಿಗೆ ಲೋಟ ಹಿಡಿದೆ. ಗುಲಾಬಿ ನೊರೆ. ಕಾರಿನ ಶಾಂಪೂ.
ಓಡಿದೆ. ಮಿಕ್ಸರ್ ತಲೆಮೇಲೆ ವಾಲ್ವ್ ಇಲ್ಲ. ಪಂಪ್ ನಿಂತಾಗಲೆಲ್ಲ ಕ್ಯಾನಿನ ಶಾಂಪೂ ಮನೆ ಪೈಪಿಗೆ ಹಿಂದಕ್ಕೆ ಬಂದಿದೆ.
"ವಾಲ್ವಿಗೆ ನೀರಿನ ಉಪ್ಪು ಕಟ್ಟಿ ಶಾಂಪೂ ಎಳೀತಿರಲಿಲ್ಲ ಕಣೇ. ಬಿಚ್ಚಿಟ್ಟೆ. ಅಷ್ಟು ಸಣ್ಣ ತುಂಡು..." ಅಂದ ಇವರು ನನ್ನ ಕೈಲಿದ್ದ ಲೋಟ ನೋಡಿದರು.
ಒಳಗೆ ಅತ್ತೆ. ಮಡಿಲಲ್ಲಿ ಪುಟ್ಟಿ, ಕೈಯಲ್ಲಿ ಖಾಲಿ ಬಾಟಲಿ.
"ನೋಡೇ, ಇವತ್ತು ಪೂರ್ತಿ ಕುಡಿಸಿಬಿಟ್ಟೆ."

ಮಾರ್ಚ್ 9
ಆಸ್ಪತ್ರೆ. ವಾಂತಿ ನಿಂತಿದೆ. ಕೆಮ್ಮು ನಿಂತಿಲ್ಲ. ನೊರೆ ಶ್ವಾಸಕೋಶಕ್ಕೂ ಹೋಗಿದೆ, ಕಾದು ನೋಡಬೇಕು ಅಂದರು ಡಾಕ್ಟರ್. ಅತ್ತೆ ಮಗುವಿನ ಅಂಗಾಲು ಹಿಡಿದೇ ಕೂತಿದ್ದಾರೆ. ಇವರು ಹೋಗಿ, ವಾಲ್ವಿನ ಉಪ್ಪು ಕೆರೆದು, ತೊಳೆದು, ಮತ್ತೆ ಹಾಕಿಬಂದರಂತೆ. ಈಗ ಸರಿಯಿದೆ ಅಂದರು.
ಸರಿ. ಆ ಪದ ನನ್ನ ಮುಂದೆ ಆಡಬೇಡಿ ಅಂದೆ.

ಮಾರ್ಚ್ 17
ಮನೆಗೆ ಬಂದೆವು. ಉಸಿರಲ್ಲಿ ಇನ್ನೂ ಗೊರಗೊರ. ಹಸಿದು ಅಳ್ತಿದ್ದಾಳೆ.
ಹೊರಗಿಂದ ತರಿಸಿದ ನೀರು, ಹೊಸ ಪುಡಿ, ಹೊಸ ಬಾಟಲಿ. ಆದರೂ ಅಲ್ಲಾಡಿಸಿ ಕಿಟಕಿ ಬೆಳಕಿಗಿಟ್ಟಿದ್ದೀನಿ. ಇವರು ಕೈ ಚಾಚಿದರು. ಕೊಡಲಿಲ್ಲ. ಅಳಲಿ. ಮೊದಲು ನೊರೆ ಇಳೀಲಿ.
ಒಂದು ಬದಿ ಇಳಿದಿದೆ. ಇನ್ನೊಂದು ಬದಿಯೂ ಇಳಿಯೋವರೆಗೆ ಬಾಟಲಿ ಕೊಡಲ್ಲ.