ಬಣವೆ ಇದ್ದ ಜಾಗದಲ್ಲಿ ಮೂವರು

ಭದ್ರಮ್ಮನವರ ವಠಾರ,
ಚಿಕ್ಕಬಾಣಾವರದ ಹತ್ತಿರ, ಬೆಂಗಳೂರು
೨೯ ಜೂನ್ ೨೦೨೫, ಭಾನುವಾರ

ಪ್ರೀತಿಯ ಮಹಾನಂದಾ,

ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಅಂಟಿನುಂಡಿ ನೀನೇ ತಿನ್ನುತ್ತೀಯೋ, ಇಲ್ಲ ನಿನ್ನಣ್ಣನ ಮಕ್ಕಳಿಗೆ ಹಂಚಿ ಖಾಲಿ ಡಬ್ಬಿ ತೋರಿಸುತ್ತೀಯೋ? ಭುವನೇಶ್ವರಿಯ ಕುತ್ತಿಗೆ ನಿಂತಿತೇ? ಎರೆಯುವಾಗ ಈಗಲೂ ಓಣಿಗೆಲ್ಲ ಕೇಳುವ ಹಾಗೆ ಅಳುತ್ತಾಳಾ? ತೊಟ್ಟಿಲಿಗೆ ಹಾಕಿದ ದಿನ ನಾನು ನೋಡಿದಾಗ ಅವಳ ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ. ಏನು ಹಿಡಿದುಕೊಂಡು ಬಂದಿದ್ದಾಳೋ ನೋಡೋಣ ಎಂದು ನಾನು ಬೆರಳು ತೂರಿಸಿದೆ, ಬೆರಳನ್ನೇ ಹಿಡಿದುಕೊಂಡಳು. ಆ ಬೆರಳು ಈಗ ಸಿಮೆಂಟು ತಿಂದು ಬಿರುಕು ಬಿಟ್ಟಿದೆ, ಅದು ಬೇರೆ ಮಾತು. ನಾನು ಚೆನ್ನಾಗಿದ್ದೇನೆ. ರೊಟ್ಟಿ ಬಡಿಯುವುದು ಇನ್ನೂ ಬಂದಿಲ್ಲ. ಅಂಚು ಹರಿದು ಹಂಚಿನ ಮೇಲೆ ಒಂದೊಂದು ದಿನ ಒಂದೊಂದು ಜಿಲ್ಲೆಯ ನಕ್ಷೆಯಾಗಿ ಬೀಳುತ್ತದೆ. ಸಂಜೆ ಸ್ಟೇಷನ್ನಿನ ಕಡೆ ಹೋಗಿ ನಿಮ್ಮ ಕಡೆ ಹೋಗುವ ರೈಲಿನ ಕೊನೆಯ ಡಬ್ಬಿ ತಿರುಗುವವರೆಗೂ ನಿಂತು ಬರುತ್ತೇನೆ. ಅಲ್ಲಿ ಚಹಾ ಮಾರುವವನು ದಿನಾ ಕೇಳುತ್ತಾನೆ, "ಯಾರ್ನ ಕಳಿಸ್ದೆ ಗುರು?" ಅಂತ.

ಫೋನು ಮಾಡಬಾರದೇ ಎಂದು ನೀನು ಕೇಳುತ್ತೀ. ನಿನ್ನವ್ವ ಹೋದ ಸಲ ಫೋನು ಎತ್ತಿ ಹೇಳಿದ್ದು ಮರೆತಿಲ್ಲ: "ಬಾಣಂತಿ ಕಿವಿಗಿ ಹತ್ತಿ ಇಟ್ಕೊಂಡು ಬೆಚ್ಚಗ ಮಲಗಬೇಕೋ, ಫೋನ್ ಹಿಡ್ಕೊಂಡು ಕುಂದರಬೇಕೋ ಅಳಿಯಂದ್ರೆ? ಈಗ ಮಲಗೈತಿ ಕೂಸು, ಇಡ್ರಿ." ಇಟ್ಟೆ. ಆದ್ದರಿಂದ ಈ ಪತ್ರ. ನಮ್ಮಪ್ಪನನ್ನು ಹೆತ್ತ ಆಯಿ ಹೊಳೆವ್ವ ನಿನಗೆ ಗೊತ್ತಲ್ಲ, ಯಾವ ಕಥೆಯನ್ನೂ ಅವಳು ತನ್ನದೆಂದು ಹೇಳುತ್ತಿರಲಿಲ್ಲ. ಮೊದಲು ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಹೇಳಿಯೇ ಶುರು ಮಾಡುತ್ತಿದ್ದಳು. ಕೇಳುವವರು ಹೂಂ ಅನ್ನದಿದ್ದರೆ ಅಲ್ಲಿಗೇ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಲು ಕೂರುತ್ತಿದ್ದಳು. ಇಲ್ಲಿ ನನಗೆ ಹೂಂ ಅನ್ನುವವರಿಲ್ಲ. ನೀನು ಅಲ್ಲಿಂದಲೇ ಅನ್ನುತ್ತಾ ಓದು.

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಮನೆಯೊಡತಿ ಭದ್ರಮ್ಮ. ಹೇಳಿದ್ದು ಹೋದ ತಿಂಗಳ ಕೊನೆಯ ಗುರುವಾರ, ಸರ್ಕಾರಿ ಶಾಲೆಯ ಹಾಲಿನಲ್ಲಿ, ಊರಿನವರೂ ಆಫೀಸಿನವರೂ ತುಂಬಿದ್ದಾಗ.

ನಾನು ಕೆಲಸ ಮಾಡುವ ಅಪಾರ್ಟ್‌ಮೆಂಟಿನ ಮೊದಲನೆಯ ಕಟ್ಟಡ ಮುಗಿಯುತ್ತಾ ಬಂದಿದೆ. ಪಕ್ಕದ ಹೊಲದಲ್ಲಿ ಇನ್ನೂ ಎರಡು ಏಳಬೇಕು. ಆದರೆ ಆ ಹೊಲ ಸರ್ಕಾರದ ನಕ್ಷೆಯಲ್ಲಿ ಹಸಿರು. ಇಲ್ಲಿ ಹಸಿರು ಬಣ್ಣದ ಜಾಗದಲ್ಲಿ ಬೆಳೆ ಬೆಳೆಯಬೇಕು, ಹಳದಿ ಬಣ್ಣದ ಜಾಗದಲ್ಲಿ ಮನೆ ಕಟ್ಟಬಹುದು. ಊರಿನ ಗೌಡರು ಎದುರುಬದುರು ಸಿಕ್ಕರೆ ಮಳೆ ಬಂತಾ ಎಂದು ಕೇಳುವುದಿಲ್ಲ, "ನಿಮ್ದು ಅಳದಿ ಆಯ್ತಾ?" ಎಂದು ಕೇಳುತ್ತಾರೆ. ಆ ಹೊಲವನ್ನು ಹಳದಿ ಮಾಡಬಹುದೇ, ಯಾರದಾದರೂ ತಕರಾರು ಇದೆಯೇ ಎಂದು ಕೇಳಲು ಕರೆದ ಸಭೆ ಅದು. ನಮ್ಮ ಮೇಸ್ತ್ರಿ ಅಮರೇಶ್ ನಮ್ಮನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೋಗಿದ್ದ, ಜನ ಜಾಸ್ತಿ ಕಾಣಲಿ ಎಂದು. ದಾರಿಯುದ್ದಕ್ಕೂ ಅವನದು ಒಂದೇ ಪಾಠ: "ಸುಮ್ಮ ಕುಂದರ್ರಿ. ಹೊಲ ಹಳದಿ ಆತಂದ್ರ ಇನ್ನ ಮೂರು ವರ್ಷ ಕೆಲಸ ಐತಿ. ಇಲ್ಲಂದ್ರ ಬುಟ್ಟಿ ತಲಿ ಮ್ಯಾಲೆ ಇಟ್ಕೊಂಡು ಮತ್ತ ಊರೂರು ಅಲೀಬೇಕು."

ಮೂರು ವರ್ಷದ ಕೆಲಸ ಎಂದ ಕೂಡಲೇ ನನ್ನ ಮನಸ್ಸು ನಿನ್ನ ಹತ್ತಿರ ಓಡಿತು. ಕೆಲಸ ಇಲ್ಲೇ ಇದ್ದರೆ ತಾನೆ ನಿನ್ನನ್ನೂ ಕೂಸನ್ನೂ ಇಲ್ಲಿಗೆ ಕರೆದುಕೊಂಡು ಬರುವುದು? ಆದರೆ ನೀನು ಹೋಗುವಾಗ ಹೇಳಿದ ಮಾತೂ ಬೆನ್ನ ಹಿಂದೆಯೇ ಬಂತು. ಹೋದ ದಸರೆ ಕಳೆದ ವಾರದ ಮಳೆ ನೆನಪಿದೆಯಲ್ಲ, ನಮ್ಮ ಬಚ್ಚಲ ತೂತಿನಿಂದ ಊರಿನ ಕೊಳಚೆಯೆಲ್ಲ ಉಕ್ಕಿ ಒಳಗೆ ಬಂದದ್ದು. ನಾಲ್ಕು ತಿಂಗಳ ಬಸುರಿ ನೀನು, ಜೋಳದ ಹಿಟ್ಟಿನ ಡಬ್ಬಿ ಎದೆಗೆ ಅಪ್ಪಿಕೊಂಡು ಮಂಚದ ಮೇಲೆ ನಿಂತಿದ್ದೆ. ನಾನು ಕೆಳಗೆ ಮೊಣಕಾಲುದ್ದ ಆ ನೀರಿನಲ್ಲಿ ಚಪ್ಪಲಿ ಹುಡುಕುತ್ತಿದ್ದೆ. ನೀನು ಅಳಲಿಲ್ಲ, ಬೈಯಲಿಲ್ಲ. ತವರಿಗೆ ಹೊರಟ ದಿನ ಮಾತ್ರ ಹೇಳಿದೆ: "ಬಚ್ಚಲ ನೀರು ಹಿಂದಕ್ಕ ಬರೂದು ನಿಲ್ಲೂತನಕಾ ನಾ ಕೂಸಿನ್ನ ಈ ಮನಿಗಿ ತರಾಂಗಿಲ್ಲ." ಭದ್ರಮ್ಮ ಆಗ ತಾನೆ ನಿನಗೆ ಅಕ್ಕಿ, ಕೊಬ್ಬರಿ, ಬಳೆ, ರವಿಕೆ ಕಣ ಇಟ್ಟು ಮಡಿಲು ತುಂಬಿದ್ದರು. "ಕೂಸ್ ಎತ್ಕಂಡ್ ಬಾ ತಾಯಿ" ಎಂದಿದ್ದರು. ನಿನ್ನ ಮಾತು ಕೇಳಿ ಅರಿಶಿನದ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತರು. ಹೂಂ ಅನ್ನುತ್ತಿದ್ದೀಯಾ?

ಸಭೆಯಲ್ಲಿ ಒಳಚರಂಡಿಯ ಇಂಜಿನಿಯರ್ ಎದ್ದು ನಿಂತರು. ಸವಿತಾ ಮೇಡಂ ಎಂದು ಹೆಸರು. ಒಳ್ಳೆಯ ಹೆಣ್ಣುಮಗಳು, ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು. ಎರಡು ಹೊಸ ಕಟ್ಟಡದ ನೀರು ಈ ಊರಿನ ಪೈಪಿಗೇ ಬರಬೇಕು. ಆಫೀಸಿನ ಲೆಕ್ಕದಂತೆ ಊರಿನಲ್ಲಿ ಸಂಪರ್ಕ ಪಡೆದ ಮನೆಗಳು ಕೊಂಚವೇ, ಮನೆಗೆ ಐದು ಜನ ಎಂದು ಹಿಡಿದರೂ ಪೈಪಿನಲ್ಲಿ ಅರ್ಧ ಜಾಗ ಖಾಲಿ ಇದೆ, ಧಾರಾಳವಾಗಿ ಹಿಡಿಸುತ್ತದೆ ಎಂದರು. ಅರ್ಧ ಖಾಲಿ! ಮಳೆ ಬಂದರೆ ಗುಂಡಿಯ ಮುಚ್ಚಳವನ್ನೇ ಎತ್ತಿ ಎಸೆಯುವ ಪೈಪು! ನಾನು ಊರಿನವರ ಮುಖ ನೋಡಿದೆ. ಎಲ್ಲರಿಗೂ ನಿಜ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಪಕ್ಕದ ವಠಾರದ ನಂಜಪ್ಪ ಫ್ಯಾನನ್ನೇ ನೋಡುತ್ತಿದ್ದರು, ಅದು ತಿರುಗುತ್ತಲೂ ಇರಲಿಲ್ಲ. ಯಾಕೆಂದರೆ ಮಹಾನಂದಾ, ಈ ಊರಿನಲ್ಲಿ ಪ್ರತಿ ಮನೆಯ ಹಿಂದೆಯೂ ನಮ್ಮಂಥವರ ರೂಮಿನ ಸಾಲುಗಳಿವೆ, ಪ್ರತಿ ಮನೆಯೂ ಕಾಗದದಲ್ಲಿ ಒಂದೇ ಮನೆ. ರೂಮುಗಳಿವೆ ಎಂದರೆ ಕಂದಾಯ ಏರುತ್ತದೆ. ಆದ್ದರಿಂದ ನೀನು, ನಾನು, ಮೂಲೆ ರೂಮಿನ ರೇವಣಸಿದ್ದ, ಅವನ ಮುದುಕಿ ತಾಯಿ, ನಾವ್ಯಾರೂ ಈ ಊರಿನಲ್ಲಿ ಇಲ್ಲವೇ ಇಲ್ಲ. ನಾವು ಸ್ನಾನ ಮಾಡಿದ ನೀರು ಮಾತ್ರ ಇದೆ.

ಆಗ ಭದ್ರಮ್ಮ ಎದ್ದರು. ಅವರ ಮಗ ಶ್ರೀಧರ್ ಸೆರಗು ಹಿಡಿದು ಜಗ್ಗಿದ. ಅವನಿಗೂ ಆ ಹೊಲಕ್ಕೆ ಅಂಟಿಕೊಂಡು ತುಂಡು ಜಮೀನಿದೆ, ಇದು ಹಳದಿಯಾದರೆ ನಾಳೆ ಅದೂ ಆಗುತ್ತದೆ. "ಅಮ್ಮಾ, ಕೂತ್ಕೊಳಮ್ಮ, ಮಾನ ಕಳೀಬೇಡ" ಎಂದ. "ಬುಡೋ, ಮಾನ ಮೋರೀಲಿ ತೇಲ್ಕಂಡ್ ಓಗಿ ಆಗ್ಲೇ ಬೋ ದಿನ ಆಯ್ತು" ಎಂದು ಸೆರಗು ಬಿಡಿಸಿಕೊಂಡರು. ಹಾಲಿನಲ್ಲಿ ನಗು. ಎಷ್ಟು ಜನ ಇದ್ದೀರಿ ಹೇಳಿ ಅಮ್ಮಾ ಎಂದು ಮೇಡಂ ಕೇಳಿದರು. "ನಂಗೆ ಎಣಿಸಕ್ ಬರಕಿಲ್ಲ ಕಣವ್ವ. ಕತೆ ಏಳ್ದಂಗೆ ಏಳ್ತೀನಿ, ನೀವೇ ಎಣಿಸ್ಕಳಿ" ಎಂದು ಶುರು ಮಾಡಿದರು. ನಮ್ಮ ಆಯಿ ಕೇಳಿದ್ದರೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತಿದ್ದಳು.

"ಪೈಪ್ ಬಂದಾಗ ನಮ್ಮೆಜಮಾನ್ರು ಲಕ್ಷ್ಮಯ್ಯನೋರು ಬದುಕಿದ್ರು. ಆಗ ಮುಂದ್ಗಡೆ ಒಂದ್ ಮನೆ, ಇಂದ್ಗಡೆ ಇತ್ಲು. ಒಂದ್ ಮನೆ ಅಂತ ಬರ್ಸುದ್ವಿ, ಅದು ಸುಳ್ಳಲ್ಲ. ಆಮೇಕೆ ದನ ಮಾರುದ್ವಿ, ಕೊಟ್ಗೆ ಜಾಗದಾಗೆ ರೂಮ್ ಎದ್ವು. ಉಣಸೆ ಮರ ಕಡುದ್ವಿ, ಅಲ್ಲಿ ಕೆಳಗೂ ಮೇಲೂ ಎದ್ವು. ಕಣ ಓಯ್ತು, ಕಣದ ಜೊತ್ಗೆ ಬಣವೇನೂ ಓಯ್ತು. ಪೇಪರ್ನಾಗೆ ಮಾತ್ರ ಅದೇ ಒಂದ್ ಮನೆ ಉಳ್ಕಂತು." ಇಷ್ಟು ಹೇಳಿ ಒಂದೊಂದೇ ಜಾಗಕ್ಕೆ ಜನರನ್ನು ತುಂಬಿದರು. ಕೊಟ್ಟಿಗೆ ಜಾಗದಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು, ಒಬ್ಬೊಬ್ಬರ ಹೆಸರೂ ಹೇಳಿದರು. ಹುಣಸೆ ಮರದ ಜಾಗದಲ್ಲಿ ಪೀಣ್ಯದ ಲೇತ್ ಕೆಲಸದವರು. ಕಣದಲ್ಲಿ ರೇವಣಸಿದ್ದನ ಸಂಸಾರ, ಅವನ ತಾಯಿಯ ಗೂರಲು ಕೆಮ್ಮಿನ ಸಮೇತ. ಮೇಡಂ ಬರೆದುಕೊಳ್ಳುತ್ತಿದ್ದ ಪೆನ್ನು ಹಿಂದೆ ಬಿತ್ತು. ಕೊನೆಗೆ ಹೇಳಿದರು: "ಬಣವೆ ಜಾಗದಾಗೆ ಮುತ್ತಣ್ಣ, ಅವನೆಂಡ್ರು ಮಾನಂದಾ, ಅವ್ರ ಕೂಸು."

ನಾವು ಮಲಗುವುದು ಹುಲ್ಲಿನ ಬಣವೆ ಇದ್ದ ಜಾಗದಲ್ಲಂತೆ, ಮಹಾನಂದಾ. ನೀನು ಒಮ್ಮೆ ಈ ರೂಮಿನಲ್ಲಿ ಮಳೆಗಾಲದಲ್ಲೂ ಒಣಹುಲ್ಲಿನ ವಾಸನೆ ಬರುತ್ತದೆ ಎಂದಾಗ ಬಸುರಿಯ ಮೂಗು ಎಂದು ನಾನು ನಕ್ಕಿದ್ದೆ.

ತಾಯಿ ಮಗು ಈಗ ಇಲ್ಲಿದ್ದಾರಾ ಎಂದು ಮೇಡಂ ಕೇಳಿದರು. "ಬಾಣಂತನಕ್ಕೆ ಓಗವ್ಳೆ." ಊರಿಗೆ ಹೋದವರನ್ನು ಸೇರಿಸಲು ಆಗುವುದಿಲ್ಲ, ಇರುವವರನ್ನು ಮಾತ್ರ ಹೇಳಿ ಎಂದರು. ಭದ್ರಮ್ಮನ ದನಿ ಅಲ್ಲಿ ಮೊದಲ ಸಲ ಏರಿತು. "ಮಡ್ಲು ತುಂಬಿ ಕಳ್ಸಿವ್ನಿ ಕಣವ್ವ, ಬರ್ದೆ ಎಲ್ಲಿಗೋದಾಳು? ಬಂದ್ಮೇಲೆ ನೀರು ಉಯ್ಯಲ್ವಾ? ಕೂಸಿನ್ ಬಟ್ಟೆ ಒಗೆಯಲ್ವಾ? ಆವತ್ತು ಬಂದು ನಿಮ್ ಪೈಪು ಜಾಗ ಇಲ್ಲ ಅಂದ್ರೆ ಆ ಮಗೂನ ನಾನೆಲ್ಲಿ ಮಲುಗಿಸ್ಲಿ?" ಮೇಡಂ ಪೆನ್ನನ್ನು ಮತ್ತೆ ಹಾಳೆಗೆ ಹಚ್ಚಿದರು. ಆಮೇಲೆ, ಮಗುವಿನ ಹೆಸರೇನು ಎಂದರು. ಭದ್ರಮ್ಮನಿಗೆ ಅದು ಗೊತ್ತಿರಲಿಲ್ಲ. ಹಿಂದೆ ತಿರುಗಿ ಸಾಲಿನ ತುದಿಯವರೆಗೆ ನನ್ನನ್ನು ಹುಡುಕಿದರು. ಅಮರೇಶ್ ನನ್ನ ಅಂಗಿ ಹಿಡಿದ. "ಏಳಬ್ಯಾಡೋ ಮುತ್ತಣ್ಣ, ಎದ್ದಿ ಅಂದ್ರ ನಮ್ಮ ಹೊಟ್ಟಿ ಮ್ಯಾಲೆ ನಾವ ಹೊಡಕೊಂಡಂಗ ಆಕ್ಕೈತಿ" ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಎದ್ದೆ. ಭುವನೇಶ್ವರಿ, ಎಂದೆ. ಅಷ್ಟು ಜನರ ಮುಂದೆ ಅವಳ ಹೆಸರು ಹೇಳಿದ್ದು ಅದೇ ಮೊದಲು. ಹಿಂದಿನ ಸಾಲಿನ ಮಾತು ಮುಂದೆ ಕೇಳಿಸದೆ, ಮೇಡಂ ಇನ್ನೊಮ್ಮೆ ಕೇಳಬೇಕಾಯಿತು. ಇನ್ನೊಮ್ಮೆ ಹೇಳಿದೆ.

ನಾಳೆ ಬೆಳಿಗ್ಗೆಯೇ ಮನೆಮನೆಗೆ ಬಂದು ಎಣಿಸುತ್ತೇವೆ, ಅಲ್ಲಿಯವರೆಗೆ ಹೊಲ ಹಸಿರಾಗಿಯೇ ಇರಲಿ ಎಂದು ದೊಡ್ಡ ಅಧಿಕಾರಿ ಸಭೆ ಮುಗಿಸಿದರು. ಗೇಟಿನ ಹತ್ತಿರ ನಂಜಪ್ಪ ಭದ್ರಮ್ಮನನ್ನು ತಡೆದು, "ನಿನ್ ಮನೆ ಮುಳುಗ್ತದೆ ಅಂತ ನಮ್ಮನ್ಯಾಕೆ ಮುಳುಗಿಸ್ದೆ?" ಎಂದರು. "ಮುಳುಗಿರೋದು ಎಲ್ರದೂನೂ ಕಣಣ್ಣ, ನೀರು ಕಂಡು ನಾನು ಸೀರೆ ಎತ್ಕಂಡೆ ಅಷ್ಟೆ" ಎಂದರು ಭದ್ರಮ್ಮ.

ಈ ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂದು ಹೇಳಿ ಮುಗಿಸುತ್ತೇನೆ. ನಂಜಪ್ಪ ತಮ್ಮ ಬಾಡಿಗೆದಾರರನ್ನೆಲ್ಲ ಬೇಗ ಎಬ್ಬಿಸಿ ಕೆಲಸಕ್ಕೆ ಅಟ್ಟಿದರು, ಬೀಗ ಹಾಕಿದ ರೂಮು ಗೋದಾಮು ಎನ್ನಬಹುದಲ್ಲ ಎಂದು. ಬಾಡಿಗೆದಾರರು ಹೋದರು. ಹೋಗುವ ಮುಂಚೆ ಮಾತ್ರ, ಯಾರು ಯಾರಿಗೆ ಹೇಳಿದರೋ, ಒಂದೊಂದು ರೂಮಿನ ಮುಂದೆಯೂ ಹಗ್ಗ ಕಟ್ಟಿ ಇದ್ದಬದ್ದ ಬಟ್ಟೆಯನ್ನೆಲ್ಲ ಒಗೆದು ಹರವಿ ಹೋದರು. ಲಂಗ, ಲುಂಗಿ, ಯೂನಿಫಾರಂ, ಮಕ್ಕಳ ಚಡ್ಡಿ. ಗೋದಾಮಿನ ಚಡ್ಡಿ! ಎಣಿಸುವವರು ತಲೆ ಬಗ್ಗಿಸಿ ಬಟ್ಟೆಯ ಕೆಳಗೆ ನುಸುಳಿ ಹೋಗಬೇಕಾಯಿತು. ಶ್ರೀಧರ್ ಮುಖ ಊದಿಸಿಕೊಂಡೇ ನಮ್ಮ ವಠಾರದ ಗೇಟು ತೆಗೆದ. ರೇವಣಸಿದ್ದ ತಾಯಿಯನ್ನು ಹೊಸ್ತಿಲಲ್ಲಿ ಕೂರಿಸಿದ. ನಾನು ಕೆಲಸಕ್ಕೆ ಹೋಗಲಿಲ್ಲ. ಪೆಟ್ಟಿಗೆಯಿಂದ ನಿನ್ನ ಹಸಿರು ಇಳಕಲ್ ಸೀರೆ ತೆಗೆದು ಮೇಲಿನ ಕಬ್ಬಿಣದ ಸರಳಿಗೆ ಜೋಳಿಗೆ ಕಟ್ಟಿದೆ. ಒಳಗೆ ಒಂದು ದಿಂಬು ಇಟ್ಟೆ, ತೂಕಕ್ಕೆ. ಎಣಿಸಲು ಬಂದವಳು ಒಳಗೆ ಇಣುಕಿ, ದನಿ ಇಳಿಸಿ, "ಮಗು ಮಲಗಿದೆಯಾ?" ಎಂದಳು. ಇಲ್ಲರಿ, ಊರಾಗೈತಿ, ಬರ್ತೈತಿ ಎಂದೆ. ಅವಳು ಜೋಳಿಗೆಯನ್ನು ಒಂದು ಸಲ ತೂಗಿದಳು. ಸೀಮೆಸುಣ್ಣದಿಂದ ನಮ್ಮ ಬಾಗಿಲ ಮೇಲೆ ಮೂರು ಎಂದು ಬರೆದು ಮುಂದಿನ ರೂಮಿಗೆ ಹೋದಳು.

ಮಾವನವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ. ಕಿವಿಗೆ ಹತ್ತಿ ಇಟ್ಟುಕೋ. ಭುವನೇಶ್ವರಿಯ ಎರಡೂ ಮುಷ್ಟಿಗೆ ನನ್ನ ಪರವಾಗಿ ಒಂದೊಂದು ಮುತ್ತು. ಸಿದ್ಧಾರೂಢ ನಿಮ್ಮಿಬ್ಬರನ್ನೂ ಬೆಚ್ಚಗಿಡಲಿ.

ನಿನ್ನ,
ಮುತ್ತಣ್ಣ

ತಾ.ಕ.: ಬರೆಯಬೇಕಾದದ್ದನ್ನೇ ಬರೆಯದೆ ಹಾಳೆ ಮಡಿಸುತ್ತಿದ್ದೆ. ಶ್ರಾವಣದಲ್ಲಿ ಕರೆದುಕೊಂಡು ಬರಲು ಬರುತ್ತೇನೆ ಎಂದಿದ್ದೆನಲ್ಲ, ಬರುವುದಿಲ್ಲ. ನೀನೂ ಹೊರಡಬೇಡ. ಎಣಿಸಿದ ಮೇಲೆ ಈ ಪೈಪು ಸಾಲದೆಂದು ಎರಡು ವಾರದ ಹಿಂದೆ ಆದೇಶ ಬಂತು: ಕಟ್ಟುವವರು ತಮ್ಮ ಖರ್ಚಿನಲ್ಲಿ ಹೆದ್ದಾರಿಯ ದೊಡ್ಡ ಕೊಳವೆಯವರೆಗೆ ಊರಿನ ನೀರನ್ನೂ ಹಿಡಿಸುವ ಹೊಸ ಪೈಪು ಹಾಕಬೇಕು, ಹಾಕಿದ ಮೇಲೆಯೇ ಹೊಲ ಹಳದಿ. ಅಲ್ಲಿಯವರೆಗೆ ಹೊಸ ಕಟ್ಟಡದ ಕೆಲಸ ಶುರುವಾಗುವುದಿಲ್ಲ. ಅಮರೇಶ್ ನನ್ನ ಜೊತೆ ಎರಡು ವಾರ ಮಾತು ಬಿಟ್ಟಿದ್ದ, ಈಗ ಅವನೇ ಕರೆದು ಪೈಪಿನ ಗುಂಪಿಗೆ ಹಾಕಿಕೊಂಡಿದ್ದಾನೆ. ಅಗೆತ ಹೆದ್ದಾರಿ ತುದಿಯಿಂದ ಶುರುವಾಗಿದೆ, ನಮ್ಮ ಬಾಗಿಲು ಮುಟ್ಟುವಾಗ ದೀಪಾವಳಿ. ಮೊನ್ನೆಯ ಮಳೆಗೆ ಬಚ್ಚಲು ಮತ್ತೆ ಉಕ್ಕಿತು, ಮಂಚದ ಕಾಲು ಇನ್ನೂ ಒಣಗಿಲ್ಲ. ಕೂಸು ಅಲ್ಲೇ ಮಗ್ಗುಲಾಗಲಿ, ಅಲ್ಲೇ ಅಂಬೆಗಾಲಿಡಲಿ. ಪೈಪು ನಮ್ಮ ಬಾಗಿಲು ದಾಟಿದ ದಿನ ನಾನೇ ಬರುತ್ತೇನೆ. ಜೋಳಿಗೆ ಬಿಚ್ಚಿಲ್ಲ. ಬಾಗಿಲ ಮೇಲಿನ ಮೂರು ಮಳೆಗೆ ಅಳಿಸಿದಾಗಲೆಲ್ಲ ಮತ್ತೆ ತಿದ್ದುತ್ತಿದ್ದೇನೆ.