ಹಳೆ ಹಡಗಿನ ಗಂಟು

ಅಕ್ಕಾ,

ಬಂದರು ನೋಡಿದ್ದಾಯಿತು. ದೀಪಸ್ತಂಭ ಹತ್ತಿ ಮಂಡಿ ಊದಿದೆ. ಮುಲಾಮು ಹಚ್ಚಿದ್ದೇನೆ, ಗಾಬರಿ ಬೇಡ.

ಇಲ್ಲೊಂದು ಹಳೆ ಹಡಗನ್ನು ಮ್ಯೂಸಿಯಂ ಮಾಡಿದ್ದಾರೆ. ಅದರೊಳಗೆ ನಾವಿಕನೊಬ್ಬ ಹಾಕಿದ ಹಗ್ಗದ ಗಂಟು. ನೂರು ವರ್ಷದಿಂದ ಯಾರೂ ಬಿಚ್ಚಿಲ್ಲವಂತೆ. ನಮ್ಮ ಅಂಗಡಿಯಲ್ಲಿ ದಿನವಿಡೀ ಮೂಟೆ ಬಿಚ್ಚುವ ಕೈ ಸುಮ್ಮನಿರಬೇಕಲ್ಲ! ಗೈಡ್ ಅತ್ತ ತಿರುಗಿ ಇತ್ತ ತಿರುಗುವಷ್ಟರಲ್ಲಿ ಬಿಚ್ಚಿಬಿಟ್ಟಿದ್ದೆ.

“ಅಯ್ಯೋ, ನನ್ನ ಕೆಲಸ ಹೋಗತ್ತೆ ಸಾರ್, ಹೇಗಿತ್ತೋ ಹಾಗೇ ಹಾಕ್ಬಿಡಿ,” ಎಂದ. ಹೇಗಿತ್ತೆಂದು ಯಾರಿಗೆ ಗೊತ್ತು? ಅಪ್ಪ ಕಲಿಸಿದ ಮೂಟೆ ಗಂಟನ್ನೇ ಬಿಗಿದೆ.

ಅಷ್ಟರಲ್ಲಿ ಮುಂದಿನ ಗುಂಪು ಬಂತು. “ಇದು ನೂರು ವರ್ಷದ ಗಂಟು, ಮುಟ್ಬೇಡಿ,” ಎಂದು ಗೈಡ್ ನನ್ನ ಮುಖ ನೋಡದೆ ಹೇಳಿದ. ಎಲ್ಲರೂ ಫೋಟೊ ತೆಗೆದುಕೊಂಡರು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಅಪ್ಪನ ಗಂಟು ಮನೆ ಮುಟ್ಟುವ ಮೊದಲೇ ಬಿಚ್ಚಿಹೋಗುತ್ತದೆ ಎಂದು ಆಡಿಕೊಳ್ಳುವ ಅಮ್ಮನಿಗೆ ಇದನ್ನು ಓದಿ ಹೇಳು.

ನಿನ್ನ ತಮ್ಮ