ತಣ್ಣಿ ಅಂದರೆ ನೀರು

ಚಿರಂಜೀವಿ ಗುರುಚರಣನಿಗೆ,

ಚಿರಂಜೀವಿ ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕಾರಿನ ಕೀ ತಗುಲಿಹಾಕುವ ಮೊಳೆಗೇ ಈ ಕಾಗದ ಸಿಕ್ಕಿಸಿದ್ದೇನೆ. ಬಾಯಲ್ಲಿ ಹೇಳಿದರೆ "ಆಯ್ತು ಬಿಡಮ್ಮ" ಎಂದು ಎದ್ದು ಹೋಗುತ್ತೀಯ. ಇವತ್ತು ಸಂಜೆ ಹೊಸ ವರ್ಷದ ಪಾರ್ಟಿಗೆ ಹೊರಟಿದ್ದೀಯಂತೆ, ಅದೂ ನೀನೇ ಕಾರು ಓಡಿಸಿಕೊಂಡು. ದೀಪಾವಳಿ ಮರೆತೇ ಹೋಯಿತೇನೋ?

ನಾನು ಮರೆತಿಲ್ಲ. ಅಣ್ಣಾ ನಗರದಲ್ಲಿ ನಿನ್ನ ಸ್ನೇಹಿತ ಉದಯ್ ಮನೆಯ ಹಬ್ಬದೂಟ ಮುಗಿಸಿ ಹೊರಟಾಗ ನಿನ್ನ ಕಣ್ಣು ಕೆಂಪಗಿತ್ತು. ಪಟಾಕಿ ಹೊಗೆಯಲ್ಲಿ ವಾಸನೆ ತಿಳಿಯಲಿಲ್ಲ. "ಯಾಕೋ ಮಗಾ, ಏನಾಯ್ತೋ?" ಅಂದೆ. ನೀನು ಕಾರಿನ ಬಾಗಿಲು ತೆಗೆದೆ. ನಿನ್ನ ಮಗಳು ಅನು, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು, ನನ್ನ ಸೆರಗು ಎಳೆದು "ಅಜ್ಜಿ, ಅಪ್ಪಾ ತಣ್ಣಿ ಪೋಟ್ಟಿರುಕ್ಕಾರು" ಎಂದಳು. ಆಗಷ್ಟೇ ಮೈಸೂರಿನಿಂದ ಈ ತಮಿಳು ಊರಿಗೆ ಬಂದಿದ್ದ ನನಗೆ ಗೊತ್ತಿದ್ದ ತಮಿಳು ಮಾತು ಒಂದೇ. ವೇಲಚೇರಿಯ ನಮ್ಮ ಬಾಗಿಲಿಗೆ ನೀರಿನ ಕ್ಯಾನ್ ತರುವವನು ದಿನಾ ಕೂಗುತ್ತಾನಲ್ಲ, ತಣ್ಣಿ ಅಂತ. ತಣ್ಣಿ ಅಂದರೆ ನೀರು. "ಒಳ್ಳೇದಾಯ್ತು ಬಿಡೇ, ಈ ಸೆಕೇಲಿ ನೀರು ಕುಡೀಬೇಕು" ಎಂದು ನಾನೇ ಮಗುವನ್ನು ನಿನ್ನ ಪಕ್ಕದ ಸೀಟಿನಲ್ಲಿ ಕೂರಿಸಿ, ಹಿಂದಿನ ಸೀಟಿಗೆ ಹತ್ತಿದೆ.

ಈ ಊರಿನಲ್ಲಿ ಹೆಂಡ ಕುಡಿದದ್ದಕ್ಕೂ ಅದೇ ಮಾತು ಎಂದು, ಡ್ಯೂಟಿಯಿಂದ ಆಸ್ಪತ್ರೆಗೆ ಓಡಿಬಂದ ನಿನ್ನ ಹೆಂಡತಿ ಶಾಲಿನಿ ಹೇಳಿದ ಮೇಲೆ ತಿಳಿಯಿತು. ನನಗೆ ತಮಿಳು ಬಾರದು. ನಿನಗೆ ಬರುತ್ತಿತ್ತಲ್ಲೋ! ನನ್ನ ಪೆದ್ದುತನಕ್ಕೆ ಮುಗುಳ್ನಕ್ಕು ಗಾಡಿ ಸ್ಟಾರ್ಟ್ ಮಾಡಿದೆಯಲ್ಲ, ಆ ನಗುವನ್ನು ನಾನು ಹೇಗೆ ನುಂಗಿಕೊಳ್ಳಲಿ? ಕಂಬಕ್ಕೆ ಗುದ್ದಿದ್ದು ಮಗು ಕೂತಿದ್ದ ಕಡೆ. ನಿನಗೆ ಒಂದು ತರಚುಗಾಯವೂ ಆಗಲಿಲ್ಲ. ಅವಳಿಗೆ ಎಡಗೈ ಇನ್ನೂ ನೆಟ್ಟಗೆ ಚಾಚಲು ಬರುವುದಿಲ್ಲ.

ಕುಡಿಯಬೇಡ ಎಂದು ಹೇಳಿ ಹೇಳಿ ನಾಲಿಗೆ ಸವೆಯಿತು. ಕುಡಿದೇ ತೀರುತ್ತೀಯಾದರೆ ಸ್ಟೇರಿಂಗ್ ಮುಟ್ಟಬೇಡ. ಆಟೋ ಹಿಡಿ, ಅಲ್ಲೇ ಬಿದ್ದುಕೋ, ಏನಾದರೂ ಮಾಡು. ಹೆತ್ತವಳು ಮಗನ ಕಾಲು ಹಿಡಿಯಬಾರದಂತೆ. ನಾನು ಹಿಡಿಯುತ್ತೇನೆ ಕಣೋ. ಕೀ ನನ್ನ ಸೆರಗಿನ ಗಂಟಿನಲ್ಲಿದೆ, ಕೈ ತಿರುಚಿದರೂ ಕೊಡುವುದಿಲ್ಲ.

ಒಂದು ವಿಷಯ ನೀನು ಗಮನಿಸಿಲ್ಲ. ಎಲ್ಲದಕ್ಕೂ ತಮಿಳಿನಲ್ಲೇ ಮಾತಾಡುವ ನಿನ್ನ ಮಗಳು ಬಾಯಾರಿದಾಗ ಮಾತ್ರ ಈಗ ಕನ್ನಡದಲ್ಲಿ ಕೇಳುತ್ತಾಳೆ, "ಅಜ್ಜಿ, ನೀರು" ಎಂದು. ಅಜ್ಜಿಗೆ ಮತ್ತೆ ತಪ್ಪು ಅರ್ಥವಾಗಬಾರದಲ್ಲ.

ಈ ಕಾಗದದ ಮೊದಲ ಪದ ನಿಜವಾಗಲಿ, ಮಗನೇ.

ನಿನ್ನ ಅಮ್ಮ,
ಅನಸೂಯ